ಐವತ್ತನೇ ಚೀಟಿ

ಚೀಟಿಯ ಮೇಲೆ ಐವತ್ತು ಎಂದು ಬರೆದಿತ್ತು. ಹೆಡ್‌ಮೇಡಂ ಅವರ ಗುಂಡು ಅಕ್ಷರ, ಕೆಂಪು ಶಾಯಿ, ಅಂಕಿಯ ಕೆಳಗೆ ಎರಡು ಗೆರೆ. ಐವತ್ತಕ್ಕೆ ಲೋಕ ಮುಗಿಯಿತು, ಅದರಾಚೆ ಬರೀ ಕತ್ತಲೆ ಎನ್ನುವ ಹಾಗಿದ್ದವು ಆ ಗೆರೆಗಳು. ಲೆನ್ಸಣ್ಣ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬನ್ನು ಎರಡು ಸಲ ತಟ್ಟಿ ನೋಡಿಕೊಂಡ. ಮಗುವನ್ನು ಮಲಗಿಸುವವರೂ ಅಷ್ಟು ಮೆತ್ತಗೆ ತಟ್ಟುವುದಿಲ್ಲ.

ಅವನ ನಿಜವಾದ ಹೆಸರು ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಅಪ್ಪ ಇಟ್ಟ ಕನ್ನಡಕದಂಗಡಿಯಲ್ಲಿ ಇಪ್ಪತ್ತು ವರ್ಷ ಕೂತೂ ಕೂತೂ ಊರಿನವರ ಬಾಯಲ್ಲಿ ಲೆನ್ಸಣ್ಣ ಆಗಿಬಿಟ್ಟಿದ್ದ.

ರೋಗ ಬಂದು ಚರ್ಚಿಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ಭಾನುವಾರದ ಪೂಜೆ ಲೆನ್ಸಣ್ಣನ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ನಡೆಯಿತು. ಫೋನಿನಲ್ಲಿ ಫಾದರ್ ಕೈ ಎತ್ತಿದರೆ ಎತ್ತಿದ ಹಾಗೇ ನಿಂತುಬಿಡುತ್ತಿದ್ದರು, ಬಾಯಿ ಅರ್ಧ ತೆರೆದುಕೊಂಡು, ಸೀನು ಬಂದೀತೋ ಇಲ್ಲವೋ ಎಂದು ಕಾಯುವವರ ಹಾಗೆ. ಅಮ್ಮ ಮಂಡಿಯೂರಿ ಕಾಯುತ್ತಿದ್ದಳು. ಫಾದರ್‌ಗೆ ಮತ್ತೆ ಜೀವ ಬರುವಷ್ಟರಲ್ಲಿ ಪರಮಪ್ರಸಾದವೂ ಮುಗಿದು ಪ್ರಕಟಣೆಗಳು ಶುರುವಾಗಿರುತ್ತಿದ್ದವು. ಒಂದು ಭಾನುವಾರವಂತೂ ಎಲ್ಲರೂ ತಲೆ ಬಾಗಿಸಿದ ಗಳಿಗೆಯಲ್ಲೇ ಫಾದರ್ ಮಾಯವಾಗಿ, ಹೊಳೆಯುವ ಹಲ್ಲಿನ ಹುಡುಗಿಯೊಬ್ಬಳು ಬಂದು ಟೂತ್‌ಪೇಸ್ಟ್ ತೋರಿಸಿದಳು. ಅಮ್ಮ ತಲೆಯೆತ್ತುವಷ್ಟರಲ್ಲಿ ಅವಳಿಗೇ ಶಿಲುಬೆಯ ಗುರುತು ಹಾಕಿಯಾಗಿತ್ತು.

ಆ ನಾಲ್ಕು ತಿಂಗಳ ನಡುವೆಯೇ ಲೆನ್ಸಣ್ಣನ ಅಪ್ಪ ತೀರಿಕೊಂಡರು. ರೋಗದಿಂದಲ್ಲ, ಎಂಬತ್ತು ತುಂಬಿದ ಮನುಷ್ಯ, ನಿದ್ದೆಯಲ್ಲೇ ಹೋದರು. ಆದರೆ ಕಾಲ ಅಂಥದ್ದು. ಊರಿನ ಅರ್ಧ ಜನಕ್ಕೆ ಕನ್ನಡಕ ಹಾಕಿದವರ ಸಮಾಧಿಯ ಬಳಿ ನಿಂತವರು ಐದೇ ಜನ. ಈಗ ಚರ್ಚು ತೆರೆಯುತ್ತಿತ್ತು. ಮೊದಲ ಭಾನುವಾರದ ಮೊದಲ ಪೂಜೆಯಲ್ಲಿ, ಈ ನಾಲ್ಕು ತಿಂಗಳಲ್ಲಿ ಹೋದವರ ಹೆಸರನ್ನೆಲ್ಲ ಓದುತ್ತಾರೆ ಎಂದು ತಿಳಿದಾಗಿನಿಂದ ಅಮ್ಮನಿಗೆ ನಿದ್ದೆಯಿಲ್ಲ. ಆದರೆ ನಿಯಮ ನಿಯಮವೇ: ಒಂದು ಪೂಜೆಗೆ ಚೀಟಿ ಪಡೆದ ಐವತ್ತೇ ಜನ, ಅರವತ್ತೈದು ದಾಟಿದವರು ಬರುವಂತಿಲ್ಲ. ಅಮ್ಮನಿಗೆ ಎಪ್ಪತ್ತಮೂರು.

"ಸಾಯೋಕೆ ಹತ್ತಿರ ಇರೋರಿಗೆ ತಾನೇ ದೇವರು ಬೇಕಾಗಿರೋದು? ನಮ್ಮನ್ನೇ ಹೊರಗಿಟ್ರೆ ಹೇಗೆ?" ಎಂದು ವಾರವಿಡೀ ಗೊಣಗಿದವಳು, ಭಾನುವಾರ ಬೆಳಗ್ಗೆ ಮಗನನ್ನು ಎದುರಿಗೆ ನಿಲ್ಲಿಸಿಕೊಂಡಳು. "ನೋಡು, ಮುಂದಿನ ಸಾಲಲ್ಲಿ ಕೂತ್ಕೋ. ನಿದ್ದೆ ಮಾಡ್ಬೇಡ. ನಿಮ್ಮಪ್ಪನ ಹೆಸರು ಓದೋವಾಗ ಕಿವಿ ತುಂಬ ಕೇಳ್ಕೊಂಡು ಬಾ. ಪೂರ್ತಿ ಓದಿದ್ರಾ, ಅರ್ಧ ನುಂಗಿದ್ರಾ, ಎಲ್ಲ ಬಂದು ನಂಗೆ ಹೇಳ್ಬೇಕು."

"ಫೋನಲ್ಲೂ ಬರುತ್ತಲ್ಲಮ್ಮ."

"ಬರುತ್ತೆ ಬರುತ್ತೆ. ನಿಮ್ಮಪ್ಪನ ಹೆಸರು ಬರೋ ಹೊತ್ತಿಗೆ ಸರಿಯಾಗಿ ಆ ಹಲ್ಲಿನ ಹುಡುಗಿ ಬರ್ತಾಳೆ."

ಹೆಂಡತಿ ಬಂದು ಒಂದು ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಕಟ್ಟಿದಳು. ಉಸಿರೆಲ್ಲ ಮೇಲಕ್ಕೆ ಏರಿ ಕನ್ನಡಕದ ಗಾಜಿನ ಮೇಲೆ ಹಬೆ ಕೂತಿತು. ಊರಿಗೆಲ್ಲ ಕಣ್ಣು ಕೊಡುವವನು ತಡಕಾಡಿಕೊಂಡು ಬೀದಿಗಿಳಿದ.

ಏಳಕ್ಕೆ ಪೂಜೆ. ಆರೂವರೆಗೇ ಹೊರಟಿದ್ದ. ಹತ್ತು ನಿಮಿಷದ ದಾರಿ. ಆದರೆ ಎದುರುಮನೆಯ ಬಾಲ್ಕನಿಯಲ್ಲಿ ನಿವೃತ್ತ ಗುಮಾಸ್ತರು ಕೂತಿದ್ದರು. ನಾಲ್ಕು ತಿಂಗಳಿಂದ ಅವರಿಗೆ ಮಾತಾಡಲು ಸಿಕ್ಕಿದ್ದು ಹೆಂಡತಿ ಮತ್ತು ಗೋಡೆ. ಎರಡೂ ಉತ್ತರ ಕೊಡುವುದನ್ನು ಬಿಟ್ಟಿದ್ದವು.

"ಓಹೋ, ಚರ್ಚಿಗೋ? ಮಾಸ್ಕ್ ಮೇಲೆ ಮಾಸ್ಕ್ ಹಾಕಿದೀರಲ್ಲ, ಮೇಲಿಂದು ತಿರುಗುಮುರುಗಾಗಿದೆ. ನೀಲಿ ಹೊರಗೆ ಬರ್ಬೇಕು. ನಿಂತ್ಕೊಳ್ಳಿ, ಹೇಳ್ತೀನಿ."

"ಹೊತ್ತಾಗುತ್ತೆ ಸಾರ್."

"ಹೊತ್ತು ಮುಖ್ಯಾನೋ ಪ್ರಾಣ ಮುಖ್ಯಾನೋ?"

ಮಾಸ್ಕಿನಿಂದ ಶುರುವಾದದ್ದು ಬಿಸಿನೀರಿನ ಹಬೆಗೆ ಬಂತು, ಹಬೆಯಿಂದ ಶ್ವಾಸಕೋಶದ ರಚನೆಗೆ, ಅಲ್ಲಿಂದ ಅವರ ಆಫೀಸಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಕೆಮ್ಮುತ್ತಿದ್ದ ಒಬ್ಬ ಮೇಲಧಿಕಾರಿಗೆ. ಮೇಲಧಿಕಾರಿ ಇನ್ನೂ ಆಸ್ಪತ್ರೆಗೆ ಸೇರಿರಲಿಲ್ಲ, ಅಷ್ಟರಲ್ಲಿ ಏಳಕ್ಕೆ ಐದು ನಿಮಿಷ. ಲೆನ್ಸಣ್ಣ ಕೈಮುಗಿದು, ಬಾಲಕ್ಕೆ ಬೆಂಕಿ ಬಿದ್ದವನ ಹಾಗೆ ಓಡಿದ.

ಚರ್ಚಿನ ಗೇಟಿನಲ್ಲಿ ಬೇಕರಿಯವನು ಜ್ವರ ನೋಡುವ ಗನ್ನು ಹಿಡಿದು ನಿಂತಿದ್ದ. ಶಾಖದ ವಿಷಯ ಅವನಷ್ಟು ಬಲ್ಲವರು ಯಾರಿದ್ದಾರೆ ಎಂದು ಹೆಡ್‌ಮೇಡಂ ಅವನಿಗೇ ಆ ಕೆಲಸ ವಹಿಸಿದ್ದರು. ಗನ್ನು ಲೆನ್ಸಣ್ಣನ ಹಣೆಗೆ ಬಂತು. ಕುಯ್ಯ್ ಎಂದಿತು.

"ತೊಂಬತ್ತೊಂಬತ್ತೂ ಮುಕ್ಕಾಲು," ಎಂದ ಬೇಕರಿಯವನು ಎರಡು ಹೆಜ್ಜೆ ಹಿಂದೆ ಸರಿದು.

"ಓಡ್ಕೊಂಡು ಬಂದೆ ಕಣಣ್ಣ."

"ಓಡಿ ಬಂದ್ರೋ, ಹಾರಿ ಬಂದ್ರೋ, ಗನ್ನಿಗೇನು ಗೊತ್ತು? ಹೋಗಿ, ಆ ಮರದ ಕೆಳಗೆ ಹತ್ತು ನಿಮಿಷ ಆರ್ಕೊಳ್ಳಿ. ಆಮೇಲೆ ನೋಡೋಣ."

ಒಲೆಯಿಂದ ಈಗಷ್ಟೇ ತೆಗೆದ ಬ್ರೆಡ್ಡಿನ ಹಾಗೆ ಲೆನ್ಸಣ್ಣ ಮರದಡಿ ಆರುತ್ತಾ ಕೂತ. ನಲವತ್ತೊಂಬತ್ತು ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ ಆರಡಿಗೊಂದರಂತೆ ಇಟ್ಟ ಕುರ್ಚಿಗಳಲ್ಲಿ ಕೂತರು. ಮಿಕ್ಕಿದ್ದು ಅವನದೊಂದೇ ಕುರ್ಚಿ. ಅದೂ ಮೊದಲ ಸಾಲಿನಲ್ಲಿ. ಫಾದರ್ ಎದುರಿಗೆ ಹತ್ತಿರದಲ್ಲಿ ಕೂರಲು ಯಾರಿಗೂ ಧೈರ್ಯವಿರಲಿಲ್ಲ. ಅಮ್ಮ ಹೇಳಿದ್ದು ಅದನ್ನೇ ಅಲ್ಲವೇ ಎಂದು ಅವನ ಎದೆ ಹಗುರವಾಯಿತು.

ಆಗ ಗೇಟಿನ ಮುಂದೆ ಒಂದು ಆಟೋ ನಿಂತಿತು. ಅದರಿಂದ ತಲೆಯಿಂದ ಕಾಲಿನವರೆಗೆ ಬೆಳ್ಳಗಿನ ರಕ್ಷಾಕವಚ ತೊಟ್ಟ ವ್ಯಕ್ತಿಯೊಬ್ಬರು ಇಳಿದರು. ಕಣ್ಣಿಗೆ ದೊಡ್ಡ ಗಾಗಲ್ಸು, ಮೂಗುಬಾಯಿಗೆ ಮಾಸ್ಕು, ಮುಖದ ಮುಂದೆ ಪ್ಲಾಸ್ಟಿಕ್ ತೆರೆ, ಕೈಗೆ ಗ್ಲೌಸು. ಗಂಡೋ ಹೆಣ್ಣೋ, ದಪ್ಪವೋ ತೆಳ್ಳಗೋ ಒಂದೂ ಗೊತ್ತಾಗದ ಆಕಾರ. ನಿಧಾನವಾಗಿ, ಗಂಭೀರವಾಗಿ ಗೇಟಿನ ಕಡೆ ನಡೆದು ಬಂದರು. ಬೇಕರಿಯವನು ಗನ್ನೆತ್ತಿದವನು ಹಾಗೇ ಇಳಿಸಿದ.

"ಮೇಡಂ!" ಎಂದು ಒಳಗೆ ಕೂಗಿದ ಪಿಸುದನಿಯಲ್ಲಿ. "ಆರೋಗ್ಯ ಇಲಾಖೆ!"

ಹೆಡ್‌ಮೇಡಂ ಓಡಿಬಂದರು. ನಿವೃತ್ತರಾದ ಮೇಲೆ ಪಾಲನಾ ಸಮಿತಿಯ ಕಾರ್ಯದರ್ಶಿಯಾಗಿ ಚರ್ಚನ್ನೂ ಶಾಲೆಯ ಹಾಗೇ ನಡೆಸುತ್ತಿದ್ದವರು. ವಯಸ್ಸು ಮೂರು ವರ್ಷದಿಂದ ಅರವತ್ತನಾಲ್ಕಕ್ಕೇ ನಿಂತಿತ್ತು. ಅಂಥವರೂ ಬಿಳಿಯ ಆಕಾರದ ಮುಂದೆ ಬಗ್ಗಿ, "ಬನ್ನಿ, ಬನ್ನಿ. ಎಲ್ಲ ರೂಲ್ಸ್ ಪ್ರಕಾರಾನೇ ಮಾಡಿದೀವಿ. ದಯವಿಟ್ಟು ಒಳಗೆ ಬಂದು ನೋಡಿ," ಎಂದರು. ಆಕಾರ ಒಂದು ಮಾತೂ ಆಡಲಿಲ್ಲ. ತಲೆಯನ್ನು ಅರ್ಧ ಅಂಗುಲ ಆಡಿಸಿತು. ಒಳಗೆ ನಡೆದು, ಮೊದಲ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟಿತು.

"ಸರ್ಕಾರಿ ಜೀಪು ಕೆಟ್ಟಿರ್ಬೇಕು, ಆಟೋದಲ್ಲಿ ಬಂದಿದಾರೆ ಪಾಪ," ಎಂದ ಬೇಕರಿಯವನು.

ಲೆನ್ಸಣ್ಣ ದಡಬಡಿಸಿ ಎದ್ದು ಬಂದು ಹಣೆ ಒಡ್ಡಿದ. ತೊಂಬತ್ತೇಳೂವರೆ. ಗೆದ್ದೆ ಎಂದು ಬಾಗಿಲಿಗೆ ಕಾಲಿಟ್ಟರೆ ಹೆಡ್‌ಮೇಡಂ ಕೈ ಅಡ್ಡ ಹಿಡಿದರು.

"ಎಲ್ಲಿಗೆ?"

"ಒಳಗೆ ಮೇಡಂ. ಚೀಟಿ ಇದೆ. ಐವತ್ತು."

"ಒಳಗೆ ಈಗ ಎಷ್ಟು ಜನ ಇದಾರೆ ಗೊತ್ತೇನೋ? ಆಫೀಸರ್ ಸೇರಿ ಐವತ್ತು." ನಾಲ್ಕನೇ ಕ್ಲಾಸಿನಲ್ಲಿ ಅವನಿಗೆ ಲೆಕ್ಕ ಕಲಿಸಿದವರು ಅವರೇ. "ಐವತ್ತಕ್ಕೆ ಒಂದು ಕೂಡಿಸಿದ್ರೆ ಎಷ್ಟು?"

"ಐವತ್ತೊಂದು ಮೇಡಂ."

"ಸರಿಯಾಗಿದೆ. ಹೊರಗೆ ನಿಲ್ಲು."

"ಮೇಡಂ, ಅವರು ತಪಾಸಣೆಗೆ ಬಂದಿರೋರು. ಪೂಜೆಗೆ ಬಂದಿರೋರಲ್ಲ. ಅವರನ್ನ ಲೆಕ್ಕಕ್ಕೆ ಯಾಕೆ ತಗೋತೀರಾ?"

"ಅವರು ಉಸಿರಾಡ್ತಾರೋ ಇಲ್ವೋ? ಉಸಿರಾಡೋರೆಲ್ಲ ಲೆಕ್ಕಕ್ಕೆ ಸೇರ್ತಾರೆ. ಅವರ ಕಣ್ಣೆದುರಿಗೇ ಐವತ್ತೊಂದನೆಯವನನ್ನ ಬಿಟ್ರೆ ಇವತ್ತೇ ಚರ್ಚಿಗೆ ಮತ್ತೆ ಬೀಗ."

ಲೆನ್ಸಣ್ಣ ದನಿ ಇಳಿಸಿದ. "ಅಪ್ಪನ ಹೆಸರು ಓದ್ತಾರೆ ಮೇಡಂ. ಕೇಳ್ಕೊಂಡು ಬಾ ಅಂತ ಅಮ್ಮ ಕಳಿಸಿದಾರೆ."

ಹೆಡ್‌ಮೇಡಂ ಅವರ ಮೂಗಿನ ಮೇಲಿದ್ದ ಕನ್ನಡಕವೂ ಅಪ್ಪ ಹಾಕಿಕೊಟ್ಟದ್ದೇ. ಒಂದು ಗಳಿಗೆ ಅವರ ಮುಖ ಮೆತ್ತಗಾಯಿತು. "ನಂಗೂ ಬೇಜಾರೇ ಕಣೋ. ಆದ್ರೆ ಏನ್ ಮಾಡ್ಲಿ? ಹೊರಗಡೆ ಮೈಕೂ ಹಾಕೋ ಹಾಗಿಲ್ಲ, ಜನ ಸೇರ್ತಾರೆ ಅಂತ. ಮನೆಗೆ ಹೋಗಿ ಫೋನಲ್ಲಿ ನೋಡು," ಎಂದು ಬಾಗಿಲು ಮುಚ್ಚಿದರು.

ಫೋನಲ್ಲಿ! ಹಲ್ಲಿನ ಹುಡುಗಿ ಕಣ್ಣ ಮುಂದೆ ಬಂದು ನಕ್ಕಳು. ಬರಿಗೈಯಲ್ಲಿ ಹೋಗಿ ಅಮ್ಮನ ಮುಂದೆ ನಿಲ್ಲುವುದಕ್ಕಿಂತ ರೋಗ ಹಿಡಿಯುವುದೇ ವಾಸಿ ಎನ್ನಿಸಿ ಲೆನ್ಸಣ್ಣ ಚರ್ಚಿನ ಪಕ್ಕದ ಓಣಿಗೆ ನುಗ್ಗಿದ.

ಗಾಳಿಯಾಡಲೆಂದು ಕಿಟಕಿಗಳನ್ನೆಲ್ಲ ತೆರೆದಿದ್ದರು. ಆದರೆ ಕಟ್ಟಿಸಿದ ಪುಣ್ಯಾತ್ಮರು ದೇವರ ಕಡೆ ಮಾತ್ರ ನೋಡಲಿ ಎಂದು ಕಿಟಕಿಗಳನ್ನು ಆಳೆತ್ತರದ ಮೇಲಿಟ್ಟಿದ್ದರು. ಅವನು ಒಂದು ಹೂಕುಂಡವನ್ನು ಬೋರಲು ಹಾಕಿ ಹತ್ತಿ, ಕಂಬಿ ಹಿಡಿದು ಇಣುಕಿದ. ಹಬೆಯ ನಡುವೆ ಒಳಗಿನದೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಂಡಿತು. ಹಾಡು ಮುಗಿದು ಫಾದರ್ ಮಾತು ಶುರು ಮಾಡಿದ್ದರು. ಚೆನ್ನಾಗಿ ಕೇಳಿಸುತ್ತಿತ್ತು. ಇನ್ನೇನು, ಇಲ್ಲೇ ನೇತಾಡಿಕೊಂಡಿದ್ದರೆ ಆಯಿತು.

ಅಷ್ಟರಲ್ಲಿ ಮೊದಲ ಸಾಲಿನ ಬಿಳಿ ಆಕಾರ ಮೆಲ್ಲಗೆ ತಲೆ ತಿರುಗಿಸಿತು. ಗಾಗಲ್ಸು ನೇರ ಕಿಟಕಿಗೇ ನೆಟ್ಟಿತು. ಗ್ಲೌಸು ತೊಟ್ಟ ತೋರುಬೆರಳು ಮೇಲೆದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಇಳಿ ಕೆಳಗೆ ಎನ್ನುವ ಹಾಗೆ ಆಡಿತು. ಆ ಬೆರಳಾಡಿಸುವ ಠೀವಿಗೆ ವರ್ಷಗಟ್ಟಲೆ ಸರ್ಕಾರಿ ತರಬೇತಿ ಬೇಕು ಎಂದುಕೊಳ್ಳುತ್ತಲೇ ಲೆನ್ಸಣ್ಣ ಕಂಬಿ ಬಿಟ್ಟ. ಹೂಕುಂಡ ಎರಡು ಹೋಳಾಯಿತು. ಮಂಡಿ ಒಂದೇ ಹೋಳಾಗಿ ಉಳಿದದ್ದು ದೇವರ ದಯೆ.

ಕುಂಟುತ್ತಾ ಹಿಂಬದಿಗೆ ಬಂದರೆ ಗಂಟೆಗೋಪುರದ ಕೆಳಗಿನ ಕೋಣೆಯ ಬಾಗಿಲು ಕಾಣಿಸಿತು. ಗಂಟೆ ಬಾರಿಸುವ ತಾತನಿಗೂ ಅರವತ್ತೈದು ದಾಟಿದ್ದರಿಂದ ಕೋಣೆ ಖಾಲಿ. ಅಲ್ಲಿಂದ ಚರ್ಚಿನ ಒಳಕ್ಕೆ, ಪೀಠದ ಪಕ್ಕಕ್ಕೇ, ಮರದ ಜಾಲರಿ ಹಾಕಿದ ಸಣ್ಣ ಗೂಡುಕಿಂಡಿ ಇತ್ತು. ಲೆನ್ಸಣ್ಣ ಸದ್ದಿಲ್ಲದೆ ಒಳಸೇರಿ, ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟೂಲು ಎಳೆದುಕೊಂಡು ಹತ್ತಿದ. ಜಾಲರಿಗೆ ಕಿವಿ ಹಚ್ಚಲು ಕನ್ನಡಕದ ಕಡ್ಡಿ ಅಡ್ಡ ಬಂತು. ತೆಗೆದು ಜೇಬಿಗೆ ಹಾಕಿಕೊಂಡ. ಲೋಕವೆಲ್ಲ ಕರಗಿ ಹೋಯಿತು. ಕಿವಿ ಮಾತ್ರ ಉಳಿಯಿತು.

ಫೋನಿಗೆ ನಾಲ್ಕು ತಿಂಗಳು ಬೋಧಿಸಿ ಬೇಸತ್ತಿದ್ದ ಫಾದರ್‌ಗೆ ಇಂದು ಐವತ್ತು ಜೊತೆ ಕಣ್ಣು ಸಿಕ್ಕಿದ್ದವು. ಸಾಲದ್ದಕ್ಕೆ ಎದುರಿಗೇ ಸರ್ಕಾರ ಕೂತಿತ್ತು. ಬೋಧನೆ ಬೆಟ್ಟ ಹತ್ತಿ ಕಣಿವೆ ಇಳಿದು ಕೊನೆಗೆ ಸೋಪಿಗೆ ಬಂದು ನಿಂತಿತು. "ಯೇಸುವನ್ನು ಶಿಲುಬೆಗೆ ಒಪ್ಪಿಸಿ ಪಿಲಾತನೂ ಕೈ ತೊಳೆದ, ಪ್ರಿಯರೇ. ಆದರೆ ಇಪ್ಪತ್ತು ಸೆಕೆಂಡು ತೊಳೆದನೇ?" ಎಂದು ಕೇಳಿ, ಮೊದಲ ಸಾಲಿನ ಕಡೆ ನೋಡಿದರು. ಅಲ್ಲಿಂದ ಗಂಭೀರವಾಗಿ ತಲೆಯಾಡಿದ್ದು ಕಂಡಿರಬೇಕು. ಬೋಧನೆ ಇನ್ನೂ ಹತ್ತು ನಿಮಿಷ ಬೆಳೆಯಿತು. ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದ ಲೆನ್ಸಣ್ಣನ ಮೀನಖಂಡ ಬಿಗಿಯತೊಡಗಿತು.

ಕೊನೆಗೂ ಆ ಗಳಿಗೆ ಬಂತು. "ಈ ದಿನಗಳಲ್ಲಿ ನಮ್ಮನ್ನು ಅಗಲಿದವರನ್ನು ನೆನೆಯೋಣ," ಎಂದರು ಫಾದರ್. ಒಂದು ಹೆಸರು. ಇನ್ನೊಂದು. ಶಾಲೆಯ ಬಳಿ ಸೈಕಲ್ ಪಂಕ್ಚರ್ ಹಾಕುತ್ತಿದ್ದವರದು. ಗಾನವೃಂದದಲ್ಲಿ ಯಾವಾಗಲೂ ಒಂದು ಸ್ವರ ಮೇಲೆ ಹಾಡುತ್ತಿದ್ದ ಅಕ್ಕನದು. ಹೋದರು ಎಂದು ಫೋನಿನಲ್ಲಿ ಕೇಳಿದ್ದವರೆಲ್ಲ ಈಗ ನಿಜವಾಗಿ ಹೋದ ಹಾಗೆನ್ನಿಸಿತು ಲೆನ್ಸಣ್ಣನಿಗೆ. ತೀರಿಕೊಂಡ ಸರದಿಯಲ್ಲಿ ಒಂಬತ್ತನೆಯದು ಅಪ್ಪನ ಹೆಸರು ಎಂದು ಅವನಿಗೆ ಗೊತ್ತಿತ್ತು. ಬೆರಳು ಮಡಚಿ ಎಣಿಸಿದ. ಏಳು. ಎಂಟು. ಉಸಿರು ಹಿಡಿದು ಕಿವಿಯನ್ನು ಇನ್ನಷ್ಟು ಒತ್ತಿದ.

ಸ್ಟೂಲಿನ ಮೂರು ಕಾಲುಗಳಲ್ಲಿ ಒಂದು ಮುರಿಯಿತು.

ಕನ್ನಡಕವಿಲ್ಲದ ಕಣ್ಣಿಗೆ ಎದುರು ನೇತಾಡುತ್ತಿದ್ದ ಕಪ್ಪುಗೆರೆಯೊಂದು ಕಂಡಿತು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದ. ಅದು ಗಂಟೆಯ ಹಗ್ಗ.

ಢಣ್!

ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಗಂಟೆ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಕಾರಿಕೊಂಡಿತು. ಗಂಟೆ ಲೆನ್ಸಣ್ಣನನ್ನು ಮೇಲಕ್ಕೆತ್ತಿತು, ಲೆನ್ಸಣ್ಣ ಗಂಟೆಯನ್ನು ಕೆಳಕ್ಕೆಳೆದ, ಮತ್ತೆ ಗಂಟೆಯ ಸರದಿ. ಬಿಟ್ಟರೆ ಬೀಳುತ್ತೇನೆ, ಹಿಡಿದರೆ ಬಾರಿಸುತ್ತೇನೆ ಎಂಬ ಇಕ್ಕಟ್ಟಿನಲ್ಲಿ ಏಳೆಂಟು ಪೆಟ್ಟು ಆಗಿಹೋದವು. ಕೊನೆಗೆ ಹಗ್ಗ ಜಾರಿ ಅವನು ಕೆಳಗೆ ಬಿದ್ದಾಗ ಕಿಂಡಿಯಾಚೆ ಫಾದರ್ ಹದಿನೈದನೆಯ ಹೆಸರಿನಲ್ಲಿದ್ದರು.

ಅಲ್ಲಿಗೆ ಮುಗಿದಿದ್ದರೆ ಅರ್ಧ ಪುಣ್ಯ. ಒಂಬತ್ತರ ಪೂಜೆಗೆ ಚೀಟಿ ಪಡೆದ ಐವತ್ತು ಜನ ಆಗಲೇ ಬಂದು ಅಕ್ಕಪಕ್ಕದ ಬೀದಿಗಳಲ್ಲಿ ಕಾಯುತ್ತಿದ್ದರು. ಮೊದಲ ಪೂಜೆ ಮುಗಿದಾಗ ತಾವೇ ಗಂಟೆ ಹೊಡೆಯುವುದಾಗಿಯೂ, ಆಮೇಲೇ ಗೇಟಿಗೆ ಬರಬೇಕೆಂದೂ ಅವರಿಗೆ ಹೆಡ್‌ಮೇಡಂ ಕಟ್ಟಪ್ಪಣೆ ಮಾಡಿದ್ದರು. ಗಂಟೆ ಹೊಡೆಯಿತು, ಅವರು ಬಂದರು, ಒಂದೇ ಸಲಕ್ಕೆ. ಬೇಕರಿಯವನು ಗನ್ನನ್ನು ಎರಡೂ ಕೈಯಲ್ಲಿ ಹಿಡಿದು, "ನಿಲ್ಲಿ! ಯಾರೂ ಮುಂದೆ ಬರ್ಬೇಡಿ!" ಎಂದು ಬ್ಯಾಂಕು ಲೂಟಿಗೆ ಬಂದವನ ಹಾಗೆ ಕಿರುಚುತ್ತಿದ್ದ. "ಆಫೀಸರ್ ಒಳಗಿದಾರೆ! ಯಾರದು ಗಂಟೆ ಹೊಡೆದಿದ್ದು?" ಎಂಬ ಹೆಡ್‌ಮೇಡಂ ದನಿ ಹತ್ತಿರ ಹತ್ತಿರ ಬಂತು.

ಲೆನ್ಸಣ್ಣ ಹಿಂದಿನ ಕಾಂಪೌಂಡು ಹಾರಿದ. ಪ್ಯಾಂಟಿನ ಒಂದು ತುಂಡು ಮಾತ್ರ ಗೋಡೆಯ ಮೇಲೆ ಉಳಿಯಿತು.

ಬೀದಿ ಬೀದಿ ಸುತ್ತಿ, ಬೆವರು ಆರಿಸಿಕೊಂಡು, ಮುಖದ ಮೇಲೆ ಭಕ್ತಿ ತಂದುಕೊಂಡು ಅವನು ಮನೆ ಸೇರಿದಾಗ ಒಂಬತ್ತೂವರೆ. ಅಮ್ಮ ನಡುಮನೆಯ ಕುರ್ಚಿಯಲ್ಲಿ ಜಪಸರ ಎಣಿಸುತ್ತಾ ಕೂತಿದ್ದಳು.

"ಬಂದ್ಯಾ? ಓದಿದ್ರಾ?"

ದಾರಿಯುದ್ದಕ್ಕೂ ಲೆನ್ಸಣ್ಣ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದ. ಅಪ್ಪನ ಹೆಸರು ಓದಿದ್ದಂತೂ ನಿಜ. ಕೇಳಿಸಲಿಲ್ಲ ಎಂದು ಹೇಳಿ ಮುದುಕಿಯ ಹೊಟ್ಟೆ ಉರಿಸುವುದೇಕೆ?

"ಓದಿದ್ರಮ್ಮ. ಸ್ಪಷ್ಟವಾಗಿ, ಪೂರ್ತಿ ಹೆಸರು."

"ಎಲ್ಲಿ ಕೂತಿದ್ದೆ?"

"ನೀನ್ ಹೇಳಿದ್ಯಲ್ಲ, ಮೊದಲ್ನೇ ಸಾಲು."

"ಒಳ್ಳೇದಾಯ್ತು. ಬೋಧನೆ ಏನ್ ಮಾಡಿದ್ರು?"

"ಪಿಲಾತ ಕೈ ತೊಳೆದಿದ್ದು." ಇದನ್ನು ಹೇಳುವಾಗ ಅವನ ದನಿಗೆ ಬಲ ಬಂತು.

"ಹೂಂ. ಮಧ್ಯದಲ್ಲಿ ಏನಾದ್ರೂ ಸದ್ದುಗಿದ್ದು ಆಯ್ತಾ?"

"ಸದ್ದಾ? ಇಲ್ವಲ್ಲ. ಎಲ್ಲ ಶಾಂತವಾಗಿತ್ತು."

ಅಮ್ಮ ಜಪಸರದ ಮುಂದಿನ ಮಣಿಗೆ ಹೋದಳು. "ಹೋಗು, ಕೈಕಾಲು ತೊಳ್ಕೊಂಡು ಬಾ. ಇಪ್ಪತ್ತು ಸೆಕೆಂಡು ತೊಳಿ."

ಗಂಡಾಂತರ ಕಳೆಯಿತು ಎಂದು ಲೆನ್ಸಣ್ಣ ಹಿತ್ತಲಿಗೆ ಹೋದ. ಅಲ್ಲಿ ಅವನ ಹೆಂಡತಿ ಹಗ್ಗದ ಮೇಲೆ ಏನನ್ನೋ ಒಣಹಾಕುತ್ತಿದ್ದಳು. ಬೆಳ್ಳಗಿತ್ತು. ತಲೆಯ ಟೋಪಿಯಿಂದ ಕಾಲಿನವರೆಗೆ ಒಂದೇ ಬಟ್ಟೆ. ಪಕ್ಕದಲ್ಲಿ ಕ್ಲಿಪ್ಪು ಹಾಕಿ ನೇತುಬಿಟ್ಟ ಜೋಡಿ ಗ್ಲೌಸು, ಕಟ್ಟೆಯ ಮೇಲೆ ಸೋಪುನೀರಿನಲ್ಲಿ ತೊಳೆದಿಟ್ಟ ದೊಡ್ಡ ಗಾಗಲ್ಸು.

"ಇದು... ಇದ್ಯಾರ್ದು?"

"ಮಹಡಿ ಮನೆ ನರ್ಸಕ್ಕಂದು," ಎಂದಳು ಹೆಂಡತಿ ನಗು ತಡೆಯಲಾರದೆ ಕೆನ್ನೆ ಕಚ್ಚಿಕೊಂಡು. "ಅತ್ತೆ ಬೆಳಗ್ಗೆ ಕೇಳಿ ಈಸ್ಕೊಂಡ್ರು."

ಲೆನ್ಸಣ್ಣ ಒದ್ದೆ ಕೈಯಲ್ಲೇ ನಡುಮನೆಗೆ ಓಡಿದ. "ಅಮ್ಮಾ! ನೀನಾ?"

"ಕೂಗ್ಬೇಡ, ಬೀದಿಗೆ ಕೇಳುತ್ತೆ." ಅಮ್ಮ ಜಪಸರ ಮಡಿಲಿಗೆ ಹಾಕಿಕೊಂಡಳು. "ನೀನು ಅತ್ತ ಹೋದೆ, ಇತ್ತ ನಂಗೆ ಮನಸ್ಸು ತಡೀಲಿಲ್ಲ. ನಲವತ್ತೆಂಟು ವರ್ಷ ಜೊತೇಲಿ ಬಾಳಿದೋರ ಹೆಸರು ಅಲ್ಲಿ ಓದ್ತಾರೆ, ನಾನಿಲ್ಲಿ ಈರುಳ್ಳಿ ಹೆಚ್ಕೊಂಡು ಕೂತಿರ್ಲಾ? ಒಂದು ಮೂಲೇಲಿ ನಿಂತು ಕೇಳ್ಕೊಂಡು ಬರೋಣ ಅಂತ ಹೋದ್ರೆ, ಆ ಬೇಕರಿಯವನೂ ನಿಮ್ಮ ಹೆಡ್‌ಮೇಡಮ್ಮೂ ಕೈಮುಗಿದು ಮೊದಲ್ನೇ ಸಾಲಲ್ಲಿ ಕೂರಿಸಿದ್ರು. ನಾನೇನ್ ಆಫೀಸರ್ ಅಂತ ಹೇಳಿದ್ನಾ? ಬಾಯೇ ಬಿಟ್ಟಿಲ್ಲ. ಸುಳ್ಳು ಹೇಳಿದ್ದು ಯಾರು ಹಾಗಾದ್ರೆ?"

ಲೆನ್ಸಣ್ಣ ನೆಲ ನೋಡಿದ.

"ಪರಮಪ್ರಸಾದ ತಗೊಳ್ಳೋವಾಗ ಮಾತ್ರ ಸ್ವಲ್ಪ ಭಯ ಆಯ್ತು. ಗೋಡೆ ಕಡೆ ತಿರುಗಿ ತಗೊಂಡೆ. ಆಫೀಸರ್ರೂ ನಮ್ಮೋರೇ ಅಂತ ಫಾದರ್ ಕಣ್ಣಲ್ಲಿ ನೀರು." ಅಮ್ಮ ಸೆರಗಿನಿಂದ ತುಟಿ ಒರೆಸಿಕೊಂಡಳು. "ನೀನೋ, ಬಾವಲಿ ಹಾಗೆ ಕಿಟಕೀಲಿ ನೇತಾಡ್ತಿದ್ದೆ. ಬೀಳ್ತೀಯಲ್ಲೋ, ಇಳಿಯೋ ಅಂತ ಕೈ ಮಾಡಿದ್ರೂ ಗೊತ್ತಾಗ್ಲಿಲ್ಲ. ಊರಿಗೆಲ್ಲ ಕನ್ನಡಕ ಕೊಡ್ತೀಯ, ಹೆತ್ತ ತಾಯಿ ಕಾಣ್ಲಿಲ್ವಾ?"

"ನಿನ್ನಿಂದ್ಲೇ ನಂಗೆ ಒಳಗೆ ಬಿಡ್ಲಿಲ್ಲಮ್ಮ! ನನ್ನ ಕುರ್ಚೀಲೇ ನೀನು ಕೂತಿದ್ದೆ!"

"ಅದು ನಂಗೇನ್ ಗೊತ್ತು? ಹೋಗ್ಲಿ ಬಿಡು." ಅವಳ ದನಿ ಇದ್ದಕ್ಕಿದ್ದ ಹಾಗೆ ಬೇರೆಯಾಯಿತು. "ಇಷ್ಟು ಹೇಳ್ತೀನಿ ಕೇಳು. ಅಷ್ಟು ಜನದ ಹೆಸರು ಓದಿದ್ರು. ಯಾರ ಹೆಸರಿಗೂ ಇಲ್ಲ, ನಿಮ್ಮಪ್ಪನ ಹೆಸರು ಬಂದಾಗ ಗಂಟೆ ಬಾರಿಸಿದ್ರು ಕಣೋ. ಇಡೀ ಊರಿಗೆ ಕೇಳೋ ಹಾಗೆ. ಮಣ್ಣಿಗಿಟ್ಟ ದಿನ ಒಂದು ಪೆಟ್ಟೂ ಹೊಡೆದಿರ್ಲಿಲ್ಲ. ಇವತ್ತು ನಾನು ಎಣಿಸಿದೆ, ಎಂಟು."

ಲೆನ್ಸಣ್ಣ ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಒದ್ದೆ ಬೆರಳು ತಾಗಿ ಸ್ಪೀಕರೂ ತಾನಾಗಿ ಹತ್ತಿಕೊಂಡಿತು.

"ಏನೋ ಐವತ್ತು!" ಎಂದರು ಹೆಡ್‌ಮೇಡಂ. "ಗಂಟೆಕೋಣೇಲಿ ನಿನ್ನ ಚೀಟಿ ಬಿದ್ದಿತ್ತು. ನನ್ನ ಕೈಬರಹ ನಂಗೆ ಗೊತ್ತಾಗಲ್ವಾ? ಪೂಜೆ ಮಧ್ಯ ಗಂಟೆ ಹೊಡೆದು, ಗೇಟಲ್ಲಿ ಜಾತ್ರೆ ಸೇರಿಸಿದ್ಯಲ್ಲ, ಅದೂ ಆಫೀಸರ್ ಮುಂದೆ! ಪುಣ್ಯಕ್ಕೆ ದೊಡ್ಡ ಮನುಷ್ಯರು, ಒಂದು ಮಾತೂ ಆಡ್ದೆ ಹೋದ್ರು. ಮುಂದಿನ ವಾರಾನೂ ಬರ್ತೀರಾ ಅಂತ ಕೇಳ್ದೆ, ತಲೆ ಆಡಿಸಿದ್ರು. ಇನ್ಮೇಲೆ ಮೊದಲ್ನೇ ಸಾಲಿನ ಕುರ್ಚಿ ಅವರಿಗೇ ಖಾಯಂ. ಚೀಟಿ ನಲವತ್ತೊಂಬತ್ತೇ ಬರೀತೀನಿ."

"ಮೇಡಂ, ಅದು..." ಎಂದ ಲೆನ್ಸಣ್ಣ. ಅಮ್ಮ ಕಣ್ಣು ಬಿಟ್ಟಳು. ಹೇಳಿದರೆ ಅಮ್ಮನ ಮಾನವೂ ಹೋಯಿತು, ಕಣ್ಣೀರು ಹಾಕಿದ ಫಾದರ್ ಮಾನವೂ ಹೋಯಿತು.

"ಅದೂ ಇಲ್ಲ, ಇದೂ ಇಲ್ಲ. ಆಫೀಸರ್‌ಗೆ ಕ್ಷಮಾಪಣೆ ಪತ್ರ ಬರಿ, ನೀಟಾಗಿ. ಬರೋ ಭಾನುವಾರ ಗೇಟಲ್ಲಿ ನಿಂತು ನೀನೇ ಅವರ ಕೈಗೆ ಕೊಡ್ಬೇಕು. ಅವರು ಕ್ಷಮಿಸಿದ್ರೆ ಮಾತ್ರ ನಿಂಗೆ ಮತ್ತೆ ಚೀಟಿ." ಫೋನು ಇಟ್ಟರು.

ಅಮ್ಮ ಮಗನ ಹರಿದ ಪ್ಯಾಂಟನ್ನೂ ಹಗ್ಗ ಉಜ್ಜಿ ಕೆಂಪಾದ ಅಂಗೈಗಳನ್ನೂ ನೋಡಿದಳು.

"ನೀನಾ ಹೊಡೆದಿದ್ದು?"

"ಬೇಕಂತ ಅಲ್ಲಮ್ಮ. ಸ್ಟೂಲ್ ಮುರೀತು. ಹಗ್ಗ ಕೈಗೆ ಸಿಕ್ತು. ನಂಗೆ ಅಪ್ಪನ ಹೆಸರೂ ಕೇಳಿಸ್ಲಿಲ್ಲ."

ಅಮ್ಮ ಅವನ ಎರಡೂ ಅಂಗೈ ಹಿಡಿದು ತಿರುಗಿಸಿ ನೋಡಿದಳು. "ನಂಗೆ ಕೇಳಿಸ್ತಲ್ಲ, ಸಾಕು," ಎಂದಳು ಮೆಲ್ಲಗೆ. "ಮಗನೇ ಹೊಡೆದ ಅಂದ್ರೆ ಇನ್ನೂ ಒಳ್ಳೇದೇ ಆಯ್ತು."

ಲೆನ್ಸಣ್ಣನ ಕಣ್ಣು ಹನಿಗೂಡಿತು. ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅಮ್ಮ ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದಳು.

"ಏನಮ್ಮ ಇದು?"

"ಪತ್ರ ಬರಿ. 'ಮಾನ್ಯ ಅಧಿಕಾರಿಗಳೇ' ಅಂತ ಶುರು ಮಾಡು. ಮಾನ್ಯ ಸಾಲ್ದು, ಪರಮಮಾನ್ಯ ಅನ್ನು."

"ನೀನೇ ಇದೀಯಲ್ಲಮ್ಮ ಇಲ್ಲಿ! ಬಾಯಲ್ಲೇ ಕೇಳ್ತೀನಿ, ಕ್ಷಮಿಸಿಬಿಡು!"

"ಬಾಯಲ್ಲಿ ಕೇಳಿದ್ರೆ ಹೆಡ್‌ಮೇಡಂ ಒಪ್ತಾರಾ? ಬರಿ ಬರಿ. ಕಿಟಕಿ ಹತ್ತಿದ್ದು, ಹೂಕುಂಡ ಒಡೆದಿದ್ದು, ತಾಯಿಗೆ ಸುಳ್ಳು ಹೇಳಿದ್ದು, ಒಂದೂ ಬಿಡ್ಬೇಡ."

ಅವನು ಒಂದು ಪುಟ ಬರೆದ. ಅಮ್ಮ ಕನ್ನಡಕ ಹಾಕಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗಿನವರೆಗೆ ಓದಿದಳು. ಎರಡು ಕಡೆ ಕಾಗುಣಿತ ತಿದ್ದಿದಳು. ಆಮೇಲೆ ನಾಲ್ಕಾಗಿ ಮಡಚಿ ಅವನ ಕೈಗೇ ವಾಪಸು ಕೊಟ್ಟಳು.

"ಪರವಾಗಿಲ್ಲ, ಚೆನ್ನಾಗಿ ಬರ್ದಿದೀಯ. ಭಾನುವಾರ ಗೇಟಲ್ಲಿ ನಿಂತು ಕೊಡು," ಎಂದು ಜಪಸರ ಎತ್ತಿಕೊಂಡಳು. "ಅಧಿಕಾರಿಗಳು ಏನಂತಾರೋ ನೋಡೋಣ. ಸ್ವಲ್ಪ ಕೋಪಿಷ್ಠೆ ಅಂತ ಕೇಳಿದೀನಿ."